ತಾನಾಗೇ ಬಿಸಿಲು ತಡೆಯೋ ಗಾಜು ಬರ್ಲಿ, ಆದ್ರೆ ನಮ್ ಕಡೆ ಹವಾಕ್ಕೆ ಹೊಂದ್ಕೊಂಡು ಬರ್ಲಿ

ಹಾಸನದ ಹೊಸ ಬಡಾವಣೆಗಳ ಕಡೆ ಒಂದ್ ಸುತ್ತು ಹೋಗ್ಬನ್ನಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಈಗ ಅದೇ ಕಥೆ. ಕಟ್ಟೋ ಮನೆ ಮುಂಭಾಗಕ್ಕೆಲ್ಲ ಆಳೆತ್ತರ ಗಾಜು. ಅದರಲ್ಲೂ ಅರ್ಧಕ್ಕರ್ಧ ತೆಗೆಯೋಕೇ ಬರಲ್ಲ, ಗೋಡೆಗೆ ಅಂಟಿಸಿಬಿಟ್ಟಿರ್ತಾರೆ. ರಸ್ತೆಯಿಂದ ನೋಡಕ್ಕೆ ಚೆಂದ. ಒಳಗಿರೋರಿಗೆ ಮಾತ್ರ ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಎರಡರಿಂದ ಐದರವರೆಗೆ ಒಲೆ ಪಕ್ಕ ಕೂತಂಗೆ ಇರ್ತದೆ. ಆ ಹೊತ್ತಲ್ಲಿ ಮನೇಲಿ ಇರೋರು ಯಾರು? ನಾವು, ವಯಸ್ಸಾದ ಅತ್ತೆ ಮಾವ, ಬಾಣಂತಿ, ಮಗು. ಪ್ಲಾನ್ ಬರೆದೋರೂ ಇರಲ್ಲ, ಗಾಜು ಇಳಿಸಿ ಹೋದೋರೂ ಇರಲ್ಲ.

ಇದಕ್ಕೆ ಪರಿಹಾರ ಅಂತ ಈಗ ಎಲ್ಲಾರ ಬಾಯಲ್ಲೂ ಬರ್ತಾ ಇರೋ ಮಾತು 'ಸ್ಮಾರ್ಟ್ ಕಿಟಕಿ'. ಬಿಸಿಲು ಏರಿದಂಗೆ ಗಾಜೇ ಬದಲಾಗಿ ಶಾಖ ತಡೀತದೆ, ತಣ್ಣಗಾದಾಗ ಮತ್ತೆ ಮೊದಲಿನಂಗೆ ಬಿಟ್ಕೊಡ್ತದೆ, ಕರೆಂಟೂ ಬೇಡ, ಸ್ವಿಚ್ಚೂ ಬೇಡ ಅಂತಾರೆ. ಸುಳ್ಳಲ್ಲ, ಅಂಥದ್ದು ಐತೆ. ಆದ್ರೆ ಅದು ಇನ್ನೂ ಸುಧಾರಿಸ್ಬೇಕು, ಅದೂ ನಮ್ಮಂಥ ಊರು, ನಮ್ಮಂಥ ಮನೆ ನೋಡ್ಕೊಂಡು ಸುಧಾರಿಸ್ಬೇಕು ಅನ್ನೋದು ನನ್ನ ಮಾತು. ಅಲ್ಲೀವರೆಗೂ ಕೈಯಲ್ಲಿರೋ ದುಡ್ಡು ಗಾಜಿನ ಒಳಗಡೆಗಲ್ಲ, ಗಾಜಿನ ಹೊರಗಡೆ ನೆರಳಿಗೆ ಹೋಗ್ಲಿ.

ಮೊದ್ಲು ಈ ಗಾಜು ಹೆಂಗೆ ಕೆಲಸ ಮಾಡ್ತದೆ ನೋಡಣ. ಕೊಬ್ಬರಿ ಎಣ್ಣೆ ಬಾಟಲಿ ನೆನೆಸ್ಕೊಳ್ಳಿ. ಧನುರ್ಮಾಸದ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರ್ತದೆ, ಬಿಸಿಲಿಗೆ ಇಟ್ರೆ ನೀರಿನಂಗೆ ತಿಳಿಯಾಗ್ತದೆ. ಸುಮಾರು 24-25 ಡಿಗ್ರಿ ಅದರ ಗಡಿ. ಯಾರೂ ಅದಕ್ಕೆ ಹೇಳ್ಬೇಕಾಗಿಲ್ಲ, ಶಾಖ ಗಡಿ ದಾಟಿದ್ರೆ ತಾನಾಗೇ ಬದಲಾಗ್ತದೆ. ಹಂಗೇ ಶಾಖಕ್ಕೆ ಸ್ವಭಾವ ಬದಲಿಸೋ ವಸ್ತುವನ್ನ ಗಾಜಿನ ಮೇಲೆ ತೆಳ್ಳಗೆ ಲೇಪ ಮಾಡಿದ್ರೆ ಅದನ್ನ ಥರ್ಮೋಕ್ರೋಮಿಕ್ ಗಾಜು ಅಂತಾರೆ.

ಈ ಕೆಲಸಕ್ಕೆ ಹೆಸರಾದ ವಸ್ತು ವೆನೇಡಿಯಂ ಡೈಆಕ್ಸೈಡ್. 1959ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮೋರಿನ್ ಅನ್ನೋರು ವೆನೇಡಿಯಂ ಆಕ್ಸೈಡುಗಳ ಈ ಗುಣದ ಬಗ್ಗೆ ಬರೆದ್ರು. ವೆನೇಡಿಯಂ ಡೈಆಕ್ಸೈಡ್ ಸುಮಾರು 68 ಡಿಗ್ರಿ ದಾಟಿದ ಕೂಡ್ಲೆ ಲೋಹದ ಸ್ವಭಾವಕ್ಕೆ ತಿರುಗ್ತದೆ. ಆವಾಗ ಕಣ್ಣಿಗೆ ಕಾಣೋ ಬೆಳಕನ್ನ ಹೆಚ್ಚೂಕಮ್ಮಿ ಹಂಗೇ ಬಿಟ್ಟು, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನ ಮಾತ್ರ ತಡೀತದೆ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಈ ಕಾಣದ ಕಿರಣಗಳದ್ದೇ. ಅಂದ್ರೆ ಬೆಳಕು ಒಳಕ್ಕೆ, ಕಾವು ಹೊರಗೆ. ಕೇಳೋಕೆ ಎಷ್ಟು ಚೆಂದ ಅಲ್ವಾ?

ಇಲ್ಲೇ ಮೊದಲನೇ ಗಂಟು ಇರೋದು. 68 ಡಿಗ್ರಿ ಅಂದ್ರೆ ಕೈ ಇಟ್ರೆ ಸುಡ್ತದೆ. ನಮ್ಮನೆ ಕಿಟಕಿ ಗಾಜು ಅಷ್ಟು ಕಾಯೋದುಂಟಾ? ಅದಕ್ಕೇ ವಿಜ್ಞಾನಿಗಳು ಒಂಚೂರು ಟಂಗ್‌ಸ್ಟನ್ ಬೆರೆಸ್ತಾರೆ. ನೂರು ಪರಮಾಣುವಿಗೆ ಒಂದು ಟಂಗ್‌ಸ್ಟನ್ ಸೇರಿಸಿದ್ರೆ ಗಡಿ ಸುಮಾರು 20 ಡಿಗ್ರಿ ಇಳೀತದೆ. ಎರಡು ಸೇರಿಸಿದ್ರೆ ನಮ್ಮ ಮನೆ ಶಾಖದ ಹತ್ತಿರಕ್ಕೇ ಬರ್ತದೆ. ಆದ್ರೆ ಸಾರಿಗೆ ಹುಳಿ ಜಾಸ್ತಿ ಆದಂಗೆ, ಟಂಗ್‌ಸ್ಟನ್ ಜಾಸ್ತಿ ಆದ್ರೆ ಲೇಪದ ಶಾಖ ತಡೆಯೋ ಶಕ್ತೀನೇ ಕಮ್ಮಿ ಆಗ್ತದೆ. ಗಡಿ ಇಳೀತು, ಕಸುವು ಹೋಯ್ತು ಅನ್ನಂಗಾಗ್ತದೆ.

ಎರಡನೇದು ಬಣ್ಣ. ಈ ಲೇಪಕ್ಕೆ ಹಳದಿ ಕಂದು ಛಾಯೆ ಇರ್ತದೆ. ದಪ್ಪ ಬಳಿದ್ರೆ ಶಾಖ ಚೆನ್ನಾಗಿ ತಡೀತದೆ, ಆದ್ರೆ ಒಳಗೆ ಕತ್ತಲೆ. ತೆಳ್ಳಗೆ ಬಳಿದ್ರೆ ಬೆಳಕಿರ್ತದೆ, ಶಾಖ ತಡೆಯಲ್ಲ. ಮೆಗ್ನೀಸಿಯಂ ಬೆರೆಸಿ ಬಣ್ಣ ತಿಳಿ ಮಾಡೋದು, ಲೇಪದೊಳಗೆ ಸಣ್ಣ ಸಣ್ಣ ರಂಧ್ರ ಬಿಡೋದು, ಕೆಳಗೆ ಮೇಲೆ ಬೇರೆ ಪದರ ಕೊಟ್ಟು ಗಾಜಿನ ಹೊಳಪು ತಗ್ಗಿಸೋದು, ಹಿಂಗೆ ನಾನಾ ದಾರಿ ಹುಡುಕ್ತಾ ಅವ್ರೆ. ಮೂರನೇದು ಬಾಳಿಕೆ. ಗಾಳಿ, ತೇವ ಸೋಕ್ತಾ ಇದ್ರೆ ಈ ವಸ್ತು ನಿಧಾನಕ್ಕೆ ಇನ್ನೊಂದು ಆಕ್ಸೈಡ್ ಆಗಿಬಿಡ್ತದೆ, ಅದಕ್ಕೆ ಬದಲಾಗೋ ಗುಣ ಇಲ್ಲ. ಹಂಗಾಗಿ ಮೇಲೊಂದು ಕಾಪಾಡೋ ಪದರ ಬೇಕು, ಇಲ್ಲಾ ಎರಡು ಗಾಜಿನ ಮಧ್ಯೆ ಮುಚ್ಚಿಡಬೇಕು.

ಇನ್ನೊಂದು ಜಾತಿ ಗಾಜೂ ಐತೆ. ಎರಡು ಗಾಜಿನ ನಡುವೆ ನೀರು ತುಂಬಿದ ಅಂಟಿನಂಥ ಜೆಲ್. ಇದು ಕೊಬ್ಬರಿ ಎಣ್ಣೆಗೆ ಉಲ್ಟಾ: ತಣ್ಣಗಿದ್ದಾಗ ತಿಳಿ, ಸುಮಾರು 32 ಡಿಗ್ರಿ ದಾಟಿದ್ರೆ ಬೆಳ್ಳಗೆ. ಗಡಿ ನಮಗೆ ಸರಿಹೋಗ್ತದೆ, ಆದ್ರೆ ಬಿಸಿಲು ಹೊತ್ತಲ್ಲಿ ಹೊರಗಿನದು ಏನೂ ಕಾಣಲ್ಲ. ಅಂಚಲ್ಲಿ ಎಲ್ಲಾದ್ರೂ ಬಿರುಕು ಬಿಟ್ರೆ ನೀರು ಒಣಗಿ ಕೆಟ್ಟೇ ಹೋಗ್ತದೆ. ಗೇಟಿನತ್ರ ಯಾರು ಬಂದ್ರು ಅಂತ ನೋಡಕ್ಕೂ ಆಗ್ದಿರೋ ಕಿಟಕಿ ಹಜಾರಕ್ಕೆ ಬೇಡ, ಬೇಕಾದ್ರೆ ಮೆಟ್ಟಿಲ ಮೇಲಿನ ಗಾಜಿಗೆ ಸರಿ. 2021ರಲ್ಲಿ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಸಿಲು ತಡೆಯೋದರ ಜೊತೆಗೆ ತನ್ನ ಕಾವನ್ನ ಬೇಸಿಗೇಲಿ ಆಚೆಗೆ ಸೂಸೋ, ಚಳಿಗಾಲದಲ್ಲಿ ಕಮ್ಮಿ ಸೂಸೋ ಗಾಜಿನ ಬಗ್ಗೆ ಪ್ರಕಟಿಸಿದ್ರು.

ದೂರದ ಮಾತೇ ಯಾಕೆ, ನಮ್ಮ ಬೆಂಗಳೂರಲ್ಲೇ ಈ ಕೆಲಸ ನಡೆದೈತೆ. ಭಾರತೀಯ ವಿಜ್ಞಾನ ಸಂಸ್ಥೆಯವರು ವೆನೇಡಿಯಂ ಡೈಆಕ್ಸೈಡಿನ ತೆಳು ಪದರ ಮಾಡೋದರ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡವ್ರೆ. ಪ್ರೊ. ಎಸ್. ಚಂದ್ರಶೇಖರ್ ಅವರು 1991ರಲ್ಲಿ ದ್ರವ ಹರಳುಗಳ ಅಧ್ಯಯನಕ್ಕೆ ಅಂತ ಸ್ಥಾಪಿಸಿದ ಕೇಂದ್ರ ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಆಗೈತೆ. ಅಲ್ಲಿ ಕರೆಂಟ್ ಕೊಟ್ರೆ ಬದಲಾಗೋ ಸ್ಮಾರ್ಟ್ ಕಿಟಕಿ ಮೇಲೆ ಕೆಲಸ ನಡೀತದೆ. ಎರಡಕ್ಕೂ ವ್ಯತ್ಯಾಸ ತಿಳ್ಕೊಳ್ಳಿ. ಕರೆಂಟಿನ ಗಾಜು ನಮ್ಮ ಮಾತು ಕೇಳ್ತದೆ, ಆದ್ರೆ ವೈರು, ಸ್ವಿಚ್ಚು ಬೇಕು. ಶಾಖದ ಗಾಜು ಬಿಸಿಲಿನ ಮಾತು ಮಾತ್ರ ಕೇಳ್ತದೆ, ಆದ್ರೆ ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಾಗಲೇ ಅಲ್ವಾ ನಮಗೆ ಕಿಟಕಿ ನೆನಪಾಗೋದು? ಹಂಗಾಗಿ ನಮ್ ಕಡೆಗೆ ಶಾಖದ ಗಾಜೇ ಮೇಲು ಅಂತೀನಿ.

ಹಂಗಾದ್ರೆ ತಕರಾರೇನು? ಉಳಿತಾಯದ ಲೆಕ್ಕ ಹಾಕೋ ರೀತಿ. ಈ ಗಾಜಿಂದ ಇಷ್ಟು ವಿದ್ಯುತ್ ಉಳೀತದೆ ಅಂತ ಹೇಳೋವಾಗ ಸಾಮಾನ್ಯವಾಗಿ ಲೆಕ್ಕ ಹಾಕೋದು ದಿನಪೂರ್ತಿ ಏಸಿ ಓಡೋ ಕಟ್ಟಡಕ್ಕೆ. ಬೆಂಗಳೂರಿನ ಆಫೀಸು ಗೋಪುರಕ್ಕೆ ಅದು ಸರಿ. ನಮ್ಮನೆಗಳಲ್ಲಿ ಏಸಿನೇ ಇಲ್ಲ. ಏಸಿ ಇಲ್ಲದ ಮನೇಲಿ ಉಳಿತಾಯ ಅಂದ್ರೆ ಏಸಿ ತರದೇ ಇರೋದು. ನಮಗೆ ಬೇಕಾಗಿರೋ ಅಳತೆ ಎರಡೇ. ಸಂಜೆ ನಾಲ್ಕು ಗಂಟೇಲಿ ಕೋಣೆ ಒಳಗೆ ಎಷ್ಟು ಡಿಗ್ರಿ ಕಮ್ಮಿ ಆಯ್ತು? ಹಗಲಲ್ಲಿ ಲೈಟ್ ಹಾಕ್ಬೇಕಾಯ್ತೋ ಇಲ್ವೋ? ಈ ಎರಡಕ್ಕೆ ಉತ್ತರ ಕೊಡದ ಗಾಜಿನ ಉಳಿತಾಯ ನಮ್ಮನೆ ಉಳಿತಾಯ ಅಲ್ಲ.

ಏಸಿ ಅಂದ್ರೆ ಎಷ್ಟು ಖರ್ಚು ಅಂತ ನೀವೇ ನೋಡಿ. ಒಂದೂವರೆ ಟನ್ನಿನ ಸಾಧಾರಣ ಏಸಿ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ ತಗೊಳ್ತದೆ. ದಿನಕ್ಕೆ ಐದು ಗಂಟೆ ಅಂದ್ರೂ ತಿಂಗಳಿಗೆ 200 ಯೂನಿಟ್ ದಾಟ್ತದೆ. ಗೃಹಜ್ಯೋತಿಯ ಕಟ್ಟಕಡೆ ಮಿತಿನೇ ತಿಂಗಳಿಗೆ 200 ಯೂನಿಟ್, ಅದೂ ನಾವು ಮೊದಲು ಉರಿಸ್ತಿದ್ದ ಸರಾಸರಿ ಮೇಲೆ ಒಂಚೂರು ಮಾತ್ರ ಜಾಸ್ತಿ. 2023ರಿಂದ ಸೊನ್ನೆ ಬಿಲ್ ನೋಡ್ತಿರೋ ಮನೆಗೆ ಪಡುವಣ ಗೋಡೆಯ ಒಂದು ದೊಡ್ಡ ಗಾಜು ಏಸಿ ತರಿಸಿದ್ರೆ, ಆ ಗಾಜಿನ ಬೆಲೆ ಅಂಗಡಿ ಬಿಲ್ಲಲ್ಲಿ ಮುಗೀಲಿಲ್ಲ ಅಂತ ಅರ್ಥ. ತಿಂಗಳಾ ತಿಂಗಳಾ ಕಟ್ತಾ ಇರ್ಬೇಕು.

ಇನ್ನು ನಮ್ ಹವಾದ ಮಾತು. ನಮ್ದು ಕಲಬುರಗಿ ಥರ ಉರಿಬಿಸಿಲ ನಾಡೂ ಅಲ್ಲ, ಊಟಿ ಥರ ಕೊರೆಯೋ ಊರೂ ಅಲ್ಲ. ಮಾರ್ಗಶಿರ ಪುಷ್ಯದಲ್ಲಿ ಬೆಳಿಗ್ಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ್ಕೋತೀವಿ. ಫಾಲ್ಗುಣ ಚೈತ್ರದಲ್ಲಿ ಅದೇ ಬಿಸಿಲಿಗೆ ಬಾಗಿಲು ಹಾಕ್ತೀವಿ. ಆಷಾಢದಲ್ಲಿ ಅರಕಲಗೂಡು ಕಡೆ ಜಡಿಮಳೆ ಹಿಡಿದ್ರೆ ಹಗಲೇ ಮಬ್ಬು, ಇರೋ ಒಂಚೂರು ಬೆಳಕೂ ಬೇಕು. ಚನ್ನರಾಯಪಟ್ಟಣ ಕಡೆ ಅದಕ್ಕಿಂತ ಒಣಹವೆ. ಈಗ ಅಂಗಡೀಲಿ ಸಿಗೋ ಕಪ್ಪು ಫಿಲ್ಮು, ಬಣ್ಣದ ಗಾಜು ಎಲ್ಲಾ ಕಾಲದಲ್ಲೂ ಒಂದೇ ಥರ ತಡೀತವೆ. ಚೈತ್ರಕ್ಕೆ ಹಾಕ್ಸಿದ್ದು ಆಷಾಢಕ್ಕೂ ಕತ್ತಲೆ ಮಾಡ್ತದೆ, ಧನುರ್ಮಾಸದ ಎಳೆಬಿಸಿಲನ್ನೂ ಕಿತ್ಕೊಳ್ತದೆ. ಅದಕ್ಕೇ ಕಾಲಕ್ಕೆ ತಕ್ಕಂಗೆ ಬದಲಾಗೋ ಗಾಜು ನಮ್ಮಂಥ ಸೀಮೆಗೇ ಹೇಳಿ ಮಾಡಿಸಿದ್ದು. ಆದ್ರೆ ಗಡಿ ಯಾವ ಡಿಗ್ರಿಗೆ ಇಟ್ಟವ್ರೆ ಅನ್ನೋದ್ರ ಮೇಲೆ ಎಲ್ಲಾ ನಿಂತಿರ್ತದೆ. ಬಿಸಿಲು ಬಿದ್ದ ಗಾಜು ಯಾವಾಗ್ಲೂ ಗಾಳಿಗಿಂತ ಹೆಚ್ಚು ಕಾದಿರ್ತದೆ. ಗಡಿ ತೀರಾ ಕೆಳಗಿದ್ರೆ ಚಳಿಗಾಲದ ಬೆಳಿಗ್ಗೆನೇ ಶಾಖ ತಡೆದುಬಿಡ್ತದೆ, ತೀರಾ ಮೇಲಿದ್ರೆ ಬೇಸಿಗೇಲಿ ಮನೆ ಕಾದ ಮೇಲೆ ಎಚ್ಚರ ಆಗ್ತದೆ. ಇನ್ನೊಂದು ಸೂಕ್ಷ್ಮ ಐತೆ. ಏರುವಾಗ ಬದಲಾಗೋ ಡಿಗ್ರಿ ಬೇರೆ, ಇಳಿಯುವಾಗ ವಾಪಸ್ಸಾಗೋ ಡಿಗ್ರಿ ಬೇರೆ. ಎರಡರ ನಡುವೆ ಅಂತರ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು. ಇದನ್ನೆಲ್ಲ ಬೇರೆ ದೇಶದ ಹವಾ ನೋಡಿ ತೀರ್ಮಾನ ಮಾಡಿದ್ರೆ ಆಗಲ್ಲ. ಹಾಸನದಂಥ ಊರಲ್ಲಿ ಒಂದು ಸಾಧಾರಣ ಮನೆ ಪಡುವಣ ಕಿಟಕಿಗೆ ಹಾಕಿ, ಒಂದು ಮಳೆಗಾಲ ಒಂದು ಬೇಸಿಗೆ ಪೂರ್ತಿ ಅಳೆದು ನೋಡ್ಬೇಕು. ಸಂಶೋಧನೆಗೆ ಹೋಗೋ ದುಡ್ಡಲ್ಲಿ ಒಂದು ಪಾಲು ಇದಕ್ಕೆ ಸಿಗ್ಬೇಕು ಅಂತ ಕೇಳೋದರಲ್ಲಿ ತಪ್ಪೇನಿಲ್ಲ.

'ನಾಳೆ ಬರೋ ಗಾಜಿನ ಮಾತು ಬಿಡಕ್ಕ, ಈ ಬೇಸಿಗೆಗೇನು ಮಾಡಣ' ಅಂತೀರಾ? ಅದಕ್ಕೆ ಬಿಸಿಲು ಯಾವ ಕಡೆಯಿಂದ ಬರ್ತದೆ ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಆಯ್ತು. ನಮ್ ಕಡೆ ಏಪ್ರಿಲ್ ಕೊನೆ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಆಗಸ್ಟ್ ನಡುವಲ್ಲಿ ಇನ್ನೊಂದು ಸಲ. ನೆತ್ತಿ ಮೇಲಿನ ಬಿಸಿಲಿಗೆ ಎರಡಡಿ ಸಜ್ಜಾ ಸಾಕು, ಗಾಜಿನ ಮೇಲೆ ಬೀಳೋದೇ ಇಲ್ಲ. ತೆಂಕಣ ಕಿಟಕಿಗೆ ಡಿಸೆಂಬರಲ್ಲಿ ಬಿಸಿಲು ಓರೆಯಾಗಿ ಬರ್ತದೆ, ಅದು ನಮಗೆ ಬೇಕಾದ ಬಿಸಿಲೇ. ತೊಂದ್ರೆ ಕೊಡೋದು ಮೂಡಣ ಪಡುವಣ ಕಿಟಕಿಗಳು. ಅದರಲ್ಲೂ ಪಡುವಣದ್ದು. ಮೂರು ಗಂಟೆ ಮೇಲೆ ಬಿಸಿಲು ಸಜ್ಜಾದ ಕೆಳಗಿಂದ ನೇರ ಒಳಕ್ಕೆ ನುಗ್ತದೆ. ಅಲ್ಲಿಗೆ ಹೊರಗಡೆಯಿಂದ ಇಳಿಬಿಡೋ ಬಿದಿರ ತಟ್ಟಿ, ಲಾವಂಚದ ತಡಿಕೆ, ಮರದ ಪಟ್ಟಿಯ ಬಾಗಿಲು, ಇಲ್ಲಾ ಒಂದು ಚಪ್ಪರ ಕಟ್ಟಿ ಹೀರೆ, ಅವರೆ, ಮಲ್ಲಿಗೆ ಬಳ್ಳಿ ಹಬ್ಬಿಸಿ.

ಒಳಗಡೆ ದಪ್ಪ ಪರದೆ ಹಾಕ್ಸಿದ್ರೆ ಸಾಲ್ದಾ ಅಂತ ಕೇಳೋರಿದಾರೆ. ಸಾಲಲ್ಲ. ಬಿಸಿಲು ಗಾಜು ದಾಟಿ ಬಂದು ಪರದೆ ಕಾಯಿಸ್ತದೆ, ಕಾದ ಪರದೆಯ ಶಾಖ ಗಾಜಿಂದ ಆಚೆ ಸುಲಭವಾಗಿ ಹೋಗಲ್ಲ, ಕೋಣೇಲೇ ಉಳೀತದೆ. ಹೊರಗಡೆ ತಟ್ಟಿ ಕಾದ್ರೆ ಗಾಳಿ ಹೊತ್ಕೊಂಡು ಹೋಗ್ತದೆ. ಅದೇ ತಟ್ಟಿ, ಗಾಜಿನ ಆ ಕಡೆಯೋ ಈ ಕಡೆಯೋ ಅನ್ನೋದ್ರಲ್ಲೇ ಎಲ್ಲಾ ಇರೋದು. ಈ ತಟ್ಟಿ ಬಾಡಿಗೆ ಮನೆಯವರಿಗೂ ಸಿಗ್ತದೆ, ಮನೆ ಬಿಡುವಾಗ ಸುತ್ಕೊಂಡು ಹೋಗಬಹುದು. ಗಾಜು ಹಾಗಲ್ಲ, ಓನರ್ ಪಾಲು.

ನಮ್ಮ ಜಿಲ್ಲೆಗೆ ಇದೇನು ಹೊಸ ಪಾಠ ಅಲ್ಲ. ಬೇಲೂರು ಚೆನ್ನಕೇಶವ ದೇವಸ್ಥಾನದ ಕಲ್ಲಿನ ಜಾಲಂಧ್ರ ನೋಡಿದೀರಲ್ಲ, ಹಳೇಬೀಡಲ್ಲೂ ಅವೆ. ಸಣ್ಣ ಸಣ್ಣ ತೂತು, ಗಾಳಿ ಬರ್ತದೆ, ಬೆಳಕು ಬರ್ತದೆ, ಬಿಸಿಲು ಚೂರು ಚೂರಾಗಿ ಬೀಳ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು, ಎಲ್ಲಾರೂ ಕೆತ್ತನೆ ಹೊಗಳಿದ್ರು. ಆ ಜಾಲಂಧ್ರವನ್ನ ಬರೀ ಅಲಂಕಾರ ಅಂತ ನೋಡ್ಬೇಡಿ, ಅದೂ ಒಂದು ಕಿಟಕಿನೇ. ನಮ್ಮ ಹಳೇ ತೊಟ್ಟಿಮನೆಗಳಲ್ಲೂ ಕಿಟಕಿ ಸಣ್ಣದು, ಮರದ ಬಾಗಿಲು, ಹೊತ್ತಿಗೆ ತಕ್ಕಂಗೆ ತೆಗೆಯೋದು ಮುಚ್ಚೋದು ಹೆಂಗಸರ ಕೈ. ಶಾಖಕ್ಕೆ ತಕ್ಕಂಗೆ ಬದಲಾಗೋ ಕಿಟಕಿ ಅಂದ್ರೆ ಅದೇ ಅಲ್ವಾ? ಹಾಗಂತ ಹಳೇದೇ ಸರಿ ಅಂತಲ್ಲ. ಆ ಮನೆಗಳ ಅಡುಗೆಮನೆ ಕತ್ತಲೆ, ಹೊಗೆ ಯಾರಿಗೂ ಬೇಡ. ಬೆಳಕಿಗೆ ಗಾಜು ಬೇಕೇ ಬೇಕು. ದಿನಕ್ಕೆ ನಾಲ್ಕು ಸಲ ಎದ್ದು ಕಿಟಕಿ ಹಾಕಿ ತೆಗೆಯೋ ಕೆಲಸ ಗಾಜೇ ಮಾಡ್ಕೊಂಡ್ರೆ ನಮಗೂ ಮಂಡಿಗೆ ಆರಾಮ.

ಆದ್ರೆ ಎಷ್ಟೇ ಬುದ್ಧಿವಂತ ಗಾಜಾದ್ರೂ ಗಾಳಿ ತರಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಮನೆಗಳಿಗೆ ಅಂತ ತಂದ 'ಇಕೋ ನಿವಾಸ್ ಸಂಹಿತಾ' ಅನ್ನೋ ನಿಯಮಾವಳೀಲಿ, ಬೆಂಗಳೂರಿನಂಥ ಸಮಶೀತೋಷ್ಣ ಊರುಗಳಿಗೆ ಒಳಗಿನ ನೆಲದ ಅಳತೇಲಿ ನೂರಕ್ಕೆ ಹನ್ನೆರಡೂವರೆ ಭಾಗ, ಅಂದ್ರೆ ಎಂಟನೇ ಒಂದು ಪಾಲು, ತೆರೆಯೋಕೆ ಬರೋ ಕಿಟಕಿ ಬಾಗಿಲು ಇರ್ಬೇಕು ಅಂತೈತೆ. ಹತ್ತು ಹನ್ನೆರಡರ ಕೋಣೆ ಲೆಕ್ಕಕ್ಕೆ ಹದಿನೈದು ಚದರಡಿ. ಮೇಸ್ತ್ರಿಗೆ ಈ ಒಂದು ಲೆಕ್ಕ ಕೇಳಿ ಸಾಕು. ಹೊಳೆನರಸೀಪುರದಲ್ಲಿ ಹೇಮಾವತಿ ದಂಡೇಲಿ ಸಂಜೆ ಬೀಸೋ ತಂಗಾಳಿಯನ್ನ ಅಂಟಿಸಿದ ಗಾಜಿನಾಚೆ ನಿಲ್ಲಿಸಿ, ಒಳಗೆ ಫ್ಯಾನ್ ಐದರಲ್ಲಿ ಇಟ್ಕೊಳ್ಳೋದು ಯಾವ ಸೀಮೆ ಬುದ್ಧಿ?

ತಾರಸಿ ಮರೀಬೇಡಿ. ಒಂದಂತಸ್ತಿನ ಮನೇಲಿ ಕಾವು ಜಾಸ್ತಿ ಇಳಿಯೋದು ನೆತ್ತಿಯಿಂದ. ಬರಿಯ ಸಿಮೆಂಟ್ ತಾರಸಿ ಬಿಟ್ಟು ಕಿಟಕಿಗೆ ದುಬಾರಿ ಗಾಜು ಹಾಕ್ಸೋದು, ತಲೆ ಮೇಲೆ ಕೊಡೆ ಇಲ್ಲದೆ ಕಾಲಿಗೆ ಬೂಟು ಹಾಕ್ಕೊಂಡಂಗೆ. ಮೊದ್ಲು ಬಿಳಿ ಬಣ್ಣನೋ ಸುಣ್ಣನೋ ಬಳಿಸಿ, ಆಮೇಲೆ ಕಿಟಕಿ ಮಾತು.

ಅಷ್ಟಾದ ಮೇಲೂ ಗಾಜು ಕೊಳ್ಳೋ ಹೊತ್ತು ಬಂದ್ರೆ ಅಂಗಡೀಲಿ ಸುಮ್ನೆ ತಲೆ ಆಡಿಸ್ಬೇಡಿ. ಎರಡು ಅಂಕಿ ಕೇಳಿ. ಒಂದು, ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬಿಡ್ತದೆ. ಅದನ್ನ ಎಸ್‌ಎಚ್‌ಜಿಸಿ ಅಂತಾರೆ. ಸಾದಾ ಗಾಜಿಗೆ ಸುಮಾರು 0.8 ಇರ್ತದೆ, ಅಂದ್ರೆ ಹತ್ತರಲ್ಲಿ ಎಂಟು ಪಾಲು ಒಳಕ್ಕೆ. ಇನ್ನೊಂದು, ಬೆಳಕು ಎಷ್ಟು ಬಿಡ್ತದೆ, ಅದು ವಿಎಲ್‌ಟಿ. ಮೊದಲನೇದು ಕಮ್ಮಿ, ಎರಡನೇದು ಹೆಚ್ಚು ಇರೋದೇ ಒಳ್ಳೆ ಗಾಜು. ಶಾಖಕ್ಕೆ ಬದಲಾಗ್ತದೆ ಅಂತ ಹೇಳಿದ್ರೆ ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು, ಯಾವ ಡಿಗ್ರೀಲಿ ಬದಲಾಗ್ತದೆ, ಎಷ್ಟು ವರ್ಷ ಗ್ಯಾರಂಟಿ, ಇವೆಲ್ಲ ಬರಹದಲ್ಲಿ ಕೊಡಿ ಅನ್ನಿ. ಕೊಡಲಿಲ್ಲ ಅಂದ್ರೆ ಅದು ಬರೀ ಬಣ್ಣದ ಗಾಜು ಅಂತ ತಿಳ್ಕೊಳ್ಳಿ. ಕೊಟ್ರೂ ಮನೆ ಪೂರ್ತಿ ಹಾಕ್ಸ್ಬೇಡಿ. ಬಡಗಣ ತೆಂಕಣಕ್ಕೆ ಸಾದಾ ಗಾಜು, ಸಜ್ಜಾ ಸಾಕು. ಪಡುವಣದ ಒಂದೆರಡು ಕಿಟಕಿಗೆ ಮಾತ್ರ ಖರ್ಚು ಮಾಡಿ.

ಸೀರೆ ಕೊಳ್ಳೋವಾಗ ಅಂಚು ಸೆರಗು ಎಲ್ಲಾ ಬಿಚ್ಚಿ ನೋಡೋ ನಾವು, ಇಪ್ಪತ್ತು ಮೂವತ್ತು ವರ್ಷ ಅದರ ಮುಂದೆ ಕೂರಬೇಕಾದ ಕಿಟಕಿ ವಿಷಯ 'ಅವರೇ ನೋಡ್ಕೊಳ್ತಾರೆ' ಅಂತ ಬಿಡ್ತೀವಿ. ಬಿಡ್ಬೇಡಿ. ನಮ್ಮ ಬಂಧು ಬಳಗದಲ್ಲಿ ಈ ವರ್ಷವೇ ಮೂರು ಮನೆ ಏಳ್ತಾ ಅವೆ, ಇನ್ನೂ ಲಿಂಟಲ್ ಮಟ್ಟಕ್ಕೆ ಬಂದಿಲ್ಲ. ಈಗ್ಲೇ ಪ್ಲಾನ್ ಹಾಳೆ ಕೈಗೆ ತಗೊಂಡು ಪಡುವಣ ಗೋಡೆ ಯಾವುದು, ಅದರಲ್ಲಿ ತೆಗೆಯೋ ಕಿಟಕಿ ಎಷ್ಟು, ಹೊರಗೆ ತಟ್ಟಿ ಕಟ್ಟೋಕೆ ಕೊಕ್ಕೆ ಐತಾ ಅಂತ ನೋಡಿ. ಗಾಜು ಆಮೇಲೂ ಬದಲಾಯಿಸಬಹುದು, ಗೋಡೆ ಬದಲಾಯಿಸಕ್ಕಾಗಲ್ಲ.